ಅಕ್ಕ ಲೈಟ್‌ಹೌಸಿನವರೆಗೆ ನಡೆದಳು

ನನ್ನ ಅಕ್ಕನ ಬಲಗಾಲಿನಲ್ಲಿ ಈಗ ಮೂರು ಬೆರಳುಗಳಿವೆ. ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ಆಸ್ಪತ್ರೆಯಲ್ಲಿ ತೆಗೆದರು. ಹೇಗಾಯಿತು ಎಂದು ಕೇಳಿದವರಿಗೆಲ್ಲ ನಮ್ಮ ಮನೆಗಳಲ್ಲಿ ಹೇಳುವ ಉತ್ತರ ಒಂದೇ: ಶುಗರ್ ಇತ್ತು, ಫಾರಿನ್ ಟೂರಿನಲ್ಲಿ ಹೊಸ ಶೂ ಕಚ್ಚಿತು, ಯಾರಿಗೂ ಗೊತ್ತಾಗಲಿಲ್ಲ. ಮೊದಲ ಎರಡು ಮಾತು ನಿಜ. ಮೂರನೆಯದು ನಿಜವಲ್ಲ. ನನಗೆ ಗೊತ್ತಾಗಿತ್ತು.

ನಾನು ಮೈಸೂರಿನ ಸರ್ಕಾರಿ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹತ್ತನೇ ಕ್ಲಾಸಿಗೆ ಯುರೋಪಿಯನ್ನರು ಭಾರತಕ್ಕೆ ಬಂದ ಪಾಠ ಇರುತ್ತದೆ. ಅದಕ್ಕಾಗಿ ಪ್ರತಿ ಜೂನ್ ತಿಂಗಳಲ್ಲೂ ಬೋರ್ಡಿನ ಮೇಲೆ ಮೆಡಿಟರೇನಿಯನ್ ಸಮುದ್ರ ಬರೆಯುತ್ತಿದ್ದೆ. ನಮ್ಮ ಕಡೆಯ ಮೆಣಸು, ಏಲಕ್ಕಿ ಯಾವ ದಾರಿ ಹಿಡಿದು ಹೋಗುತ್ತಿತ್ತು, ಇಟಲಿಯ ವರ್ತಕರ ಹಡಗುಗಳು ಎಲ್ಲೆಲ್ಲಿ ನಿಲ್ಲುತ್ತಿದ್ದವು ಎಂದು ಬಾಣದ ಗುರುತು ಹಾಕುತ್ತಿದ್ದೆ. ಎಷ್ಟು ವರ್ಷ ಬರೆದೆನೆಂದರೆ ಕಣ್ಣು ಮುಚ್ಚಿಕೊಂಡು ಬರೆದರೂ ಕ್ರೀಟ್ ದ್ವೀಪ ಸರಿಯಾದ ಜಾಗದಲ್ಲೇ ಬೀಳುತ್ತಿತ್ತು. ಆದರೆ ನಾನು ಕಂಡಿದ್ದ ಸಮುದ್ರ ಎಂದರೆ ಶಾಲಾ ಪ್ರವಾಸದಲ್ಲಿ ಕಂಡ ಮಂಗಳೂರಿನದು ಮಾತ್ರ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನಮ್ಮ ತಂದೆಯ ಮನೆ ಮೈಸೂರಿನ ಅಂಚಿನ ಹಿನಕಲ್‌ನಲ್ಲಿತ್ತು. ಅಕ್ಕನನ್ನು ಅದೇ ಊರಿಗೇ ಕೊಟ್ಟದ್ದರಿಂದ ಅವಳು ಹುಟ್ಟಿದ ಬೀದಿಯಿಂದ ನಾಲ್ಕು ಬೀದಿ ಆಚೆಗೆ ಹೋಗಿ ನಿಂತಳು. ಈಗ ಅಲ್ಲಿ ಹೊಲಗಳಿಲ್ಲ. ಮೂರು ಮಹಡಿಯ ಮನೆಗಳ ನಡುವೆ ಅಕ್ಕನ ಹೆಂಚಿನ ಮನೆ, ಅದರ ಹಿಂದೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಎರಡು ಹಸು. ಭಾವ ತೀರಿಕೊಂಡ ಮೇಲೂ ಅವಳು ಹಸು ಬಿಡಲಿಲ್ಲ. ಒಬ್ಬಳೇ ಮಗಳು, ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಾ ಅವಳ ಜೊತೆಗೇ ಇದ್ದಾಳೆ. ಅಕ್ಕನಿಗೆ ಮಾತು ಸ್ವಲ್ಪ ಜೋರು. ಬೀದಿಯಲ್ಲಿ ಅವಳ ಬಾಯಿಗೆ ಹೆದರದವರು ಕಡಿಮೆ. ಹತ್ತು ವರ್ಷದಿಂದ ಶುಗರ್ ಇದೆ. ಮಾತ್ರೆ ನುಂಗುತ್ತಾಳೆ, ಕಾಫಿಗೆ ಸಕ್ಕರೆ ಬಿಟ್ಟಿದ್ದಾಳೆ. ಅಷ್ಟು ಮಾಡಿದರೆ ಸಾಕು ಎಂದು ನಾವೆಲ್ಲ ತಿಳಿದುಕೊಂಡಿದ್ದೆವು.

ನಿವೃತ್ತರನ್ನೇ ಗುಂಪು ಮಾಡಿ ಗ್ರೀಸ್ ದೇಶಕ್ಕೆ ಕರೆದೊಯ್ಯುವ ಟೂರೊಂದರ ವಿಷಯ ನನಗೆ ಹಳೆಯ ಸಹೋದ್ಯೋಗಿಯೊಬ್ಬರಿಂದ ಗೊತ್ತಾಯಿತು. ಕೊನೆಯ ಮೂರು ದಿನ ಕ್ರೀಟ್ ದ್ವೀಪದ ಒಂದು ಹಳೆಯ ಬಂದರು ಪಟ್ಟಣದಲ್ಲಿ. ಅದನ್ನು ಓದಿದ ಮೇಲೆ ನನಗೆ ಬೇರೇನೂ ಬೇಡವಾಯಿತು. ಕೋಣೆಗೆ ಇಬ್ಬರು ಇರಬೇಕಿತ್ತು. ನಮ್ಮ ಮನೆಯವರನ್ನು ಕೇಳಿದರೆ, "ಅಷ್ಟೊತ್ತು ವಿಮಾನದಲ್ಲಿ ಕೂರೋಕೆ ನನ್ನ ಬೆನ್ನು ಕೇಳಲ್ಲ, ನೀನು ಹೋಗ್ಬಾ" ಎಂದುಬಿಟ್ಟರು. ಆಗ ನಮ್ಮ ಮನೆಯಿರುವ ಬನ್ನಿಮಂಟಪದಿಂದ ಬಸ್ಸು ಹಿಡಿದು ಅಕ್ಕನ ಮನೆಗೆ ಹೋದೆ. ಅವಳು ಒಪ್ಪುತ್ತಾಳೆಂಬ ನಂಬಿಕೆ ಇರಲಿಲ್ಲ.

"ಅಲ್ಲಿ ಸಮುದ್ರ ಅದಾ?" ಎಂದಳು.

"ಸಮುದ್ರದ ಪಕ್ಕದಲ್ಲೇ ಊರು."

"ಅಸಾ ಯಾರ್ ನೋಡ್ಕತಾರೆ?"

ಹಸುಗಳ ಮಾತನ್ನು ಅವಳಿಗೇ ಬಿಟ್ಟು ನಾನು ವಾಪಸ್ಸು ಬಂದೆ. ಮೂರನೆಯ ದಿನ ಅವಳೇ ಫೋನ್ ಮಾಡಿದಳು. "ಹಿಂದ್ಗಡೆ ಮನೆಯೋಳು ಅಸಾ ನೋಡ್ಕತೀನಿ ಅಂದ್ಲು ಕಣೆ. ಬತ್ತೀನಿ." ಮತ್ತೇನೂ ಕೇಳದೆ ಇಟ್ಟುಬಿಟ್ಟಳು.

ದಸರಾ ಮುಗಿದ ಮೇಲೆ ಹೊರಡುವುದೆಂದಾಗಿತ್ತು. ಹೊರಡುವ ಮುಂಚೆ ಟೂರಿನವರು ನಮ್ಮನ್ನೆಲ್ಲ ಒಂದು ಕಡೆ ಸೇರಿಸಿದರು. ಬಂದರು ಪಟ್ಟಣದ ಹೆಸರು ಹಾನ್ಯಾ ಎಂದು ಮ್ಯಾನೇಜರ್ ಹೇಳಿದಾಗ ಗುಂಪಿನ ಹಿರಿಯರೊಬ್ಬರು, "ಊರಿನ ಹೆಸರಲ್ಲೇ ಹಾನಿ ಇದೆಯಲ್ಲ ಸಾರ್" ಎಂದರು. ಎಲ್ಲರೂ ನಕ್ಕೆವು. ಅಕ್ಕನೂ ನಕ್ಕಳು. ಅಲ್ಲಿ ಎಲ್ಲೆಲ್ಲೂ ಕಲ್ಲು ಹಾಸಿದ ದಾರಿ, ಚಪ್ಪಲಿ ಆಗುವುದಿಲ್ಲ, ಎಲ್ಲರೂ ಶೂ ಹಾಕಲೇಬೇಕು ಎಂದು ಮ್ಯಾನೇಜರ್ ಎರಡೆರಡು ಸಲ ಹೇಳಿದ.

ಅಕ್ಕ ಹುಟ್ಟಿದ ಮೇಲೆ ಶೂ ಹಾಕಿದವಳಲ್ಲ. ಅರಸು ರಸ್ತೆಯ ಅಂಗಡಿಗೆ ಕರೆದುಕೊಂಡು ಹೋದೆ. ಗದ್ದೆ, ಹೊಲ, ಕೊಟ್ಟಿಗೆ ತುಳಿದ ಪಾದ ಅವಳದು, ಮುಂಭಾಗ ಅಗಲ. ಹೆಂಗಸರ ಶೂ ಯಾವುದನ್ನು ಹಾಕಿದರೂ ಬಿಗಿ. ಅಂಗಡಿಯವನು, "ಅಮ್ಮನವರಿಗೆ ಜೆಂಟ್ಸ್ ಶೂ ಕೊಡ್ತೀನಿ ಮೇಡಂ, ಅದು ಅಗಲ ಇರುತ್ತೆ" ಎಂದ. ಅಕ್ಕನಿಗೆ ಅಭ್ಯಂತರವಿರಲಿಲ್ಲ. ಬೇಡ ಎಂದವಳು ನಾನು. ಸೀರೆಯ ಕೆಳಗೆ ಗಂಡಸರ ದಪ್ಪ ಕಪ್ಪು ಶೂ ಹಾಕಿಕೊಂಡು ಅಕ್ಕ ಗುಂಪಿನ ಜೊತೆ ನಡೆಯುವುದು ನನ್ನ ಕಣ್ಣಿಗೆ ಬಂತು. ಗುಂಪಿನಲ್ಲಿ ಬ್ಯಾಂಕಿನ ಅಧಿಕಾರಿಗಳು, ಪ್ರೊಫೆಸರು ಎಲ್ಲ ಇದ್ದರು. ಬೂದು ಬಣ್ಣದ ಹೆಂಗಸರ ಶೂ ಒಂದನ್ನು ನಾನೇ ಆರಿಸಿದೆ.

"ಬೆರಳು ಹಿಡೀತದೆ ಕಣೆ," ಎಂದಳು.

"ಹಾಕ್ಕೊಂಡು ಓಡಾಡಿದ್ರೆ ಸಡಿಲ ಆಗುತ್ತೆ ಅಕ್ಕ."

"ಆಯ್ತದಾ?" ಎಂದು ಅಂಗಡಿಯವನ ಮುಖ ನೋಡಿದಳು. ಅವನು ನನ್ನ ಮುಖ ನೋಡಿ, "ಆಗುತ್ತೆ ಅಮ್ಮ" ಎಂದ.

ಮೊದಲ ದಿನಗಳು ಅಥೆನ್ಸಿನಲ್ಲಿ ಕಳೆದವು. ಅಲ್ಲಿ ಹೆಚ್ಚು ಓಡಾಟ ಬಸ್ಸಿನಲ್ಲೇ ಆದ್ದರಿಂದ ಏನೂ ತೊಂದರೆಯಾಗಲಿಲ್ಲ. ಆಮೇಲೆ ಸಣ್ಣ ವಿಮಾನದಲ್ಲಿ ಕ್ರೀಟಿಗೆ ಬಂದಿಳಿದೆವು. ಹಾನ್ಯಾದ ಹಳೆಯ ಊರಿನೊಳಗೆ ಬಸ್ಸು ಬರುವುದಿಲ್ಲ. ಹೊರಗೇ ಇಳಿದು, ಇಬ್ಬರು ಜೊತೆಯಾಗಿ ನಡೆಯಲಾರದಷ್ಟು ಕಿರಿದಾದ ಓಣಿಗಳಲ್ಲಿ ಪೆಟ್ಟಿಗೆ ಎಳೆದುಕೊಂಡು ಹೋದೆವು. ಒಂದು ತಿರುವು ದಾಟಿದ್ದೇ ಬಂದರು ಎದುರಾಯಿತು.

ಕುದುರೆ ಲಾಳದ ಹಾಗೆ ಬಾಗಿದ ದಡ. ದಡದುದ್ದಕ್ಕೂ ಹಳದಿ, ಕೆಂಗಂದು ಬಣ್ಣದ ಎತ್ತರದ ಮನೆಗಳು. ಬಂದರಿನ ಬಾಯಿಯ ಒಂದು ಪಕ್ಕ ಕೋಟೆ. ಇನ್ನೊಂದು ಪಕ್ಕದಿಂದ ಸಮುದ್ರವನ್ನು ತಡೆದು ನಿಲ್ಲಿಸಿದ ಉದ್ದನೆಯ ಕಲ್ಲಿನ ಕಟ್ಟೆ, ಆ ಕಟ್ಟೆಯ ತುದಿಯಲ್ಲಿ ಲೈಟ್‌ಹೌಸು. ನಾನು ಬೋರ್ಡಿನ ಮೇಲೆ ಒಂದು ಚುಕ್ಕಿಯಿಟ್ಟು ಮುಗಿಸುತ್ತಿದ್ದ ಜಾಗ ಇದು. ಅಕ್ಕ ಬಹಳ ಹೊತ್ತು ನೋಡಿ, "ಟೀವಿಲಿ ತೋರ್ಸೋದ್ನ ಬಣ್ಣ ಬಳ್ದು ತೋರುಸ್ತಾರೆ ಅನ್ಕಂಡಿದ್ದೆ. ದಿಟವಾಗ್ಲೂ ಅಂಗೇ ಅದೆ" ಎಂದಳು.

ಆ ಸಂಜೆ ದಡದ ಮೇಲಿರುವ ಹಳೆಯ ಮಸೀದಿ ನೋಡಿದೆವು. ಬೋರಲು ಹಾಕಿದ ಬಟ್ಟಲುಗಳಂತೆ ಸಣ್ಣದೊಡ್ಡ ಗುಮ್ಮಟಗಳು. ತುರ್ಕರ ಕಾಲದ್ದು, ಈಗ ನಮಾಜು ಇಲ್ಲ, ಚಿತ್ರಪ್ರದರ್ಶನಗಳು ನಡೆಯುತ್ತವಂತೆ. ಅಲ್ಲಿಂದ ಮೇಲಕ್ಕೆ ಹತ್ತಿದರೆ ಮನೆಗಳ ನಡುವೆಯೇ ನೆಲ ಅಗೆದು ತೆಗೆದ ಪುರಾತನ ಊರಿನ ಗೋಡೆಗಳು, ಮೂರು ಸಾವಿರ ವರ್ಷಕ್ಕೂ ಹಿಂದಿನವು. ಬೇಲಿಗೆ ಒರಗಿಕೊಂಡು ನಾನು ಅಕ್ಕನಿಗೆ ವಿವರಿಸುತ್ತಿದ್ದೆ. ಅವಳು ಒಂದೇ ಪ್ರಶ್ನೆ ಕೇಳಿದಳು: "ಒಲೆ ಎಲ್ಲಿತ್ತಂತೆ?" ಮ್ಯಾನೇಜರ್ ತೋರಿಸಿದ. "ಬಾಗ್ಲಿಗೆ ಎದುರಾಗಿ ಮಡ್ಗವ್ರಲ್ಲ. ಗಾಳಿಗೆ ಉರಿ ಎಂಗೆ ನಿಂತದು?" ಎಂದಳು. ಗುಂಪಿನವರು ನಕ್ಕರು. ನನಗೆ ಸ್ವಲ್ಪ ನಾಚಿಕೆಯಾಯಿತು. ಈಗ ಯೋಚಿಸಿದರೆ ಆ ಗೋಡೆಗಳನ್ನು ಮನೆಯೆಂದು ನೋಡಿದವಳು ನಮ್ಮಲ್ಲಿ ಅವಳೊಬ್ಬಳೇ.

ಮಾರನೆಯ ದಿನ ಶನಿವಾರ. ಬೀದಿಯಲ್ಲಿ ಸಂತೆ ನೆರೆದಿತ್ತು. ಕಪ್ಪು ಬಟ್ಟೆ ಉಟ್ಟ ಮುದುಕಿಯೊಬ್ಬಳು ಸೊಪ್ಪು ಹರಡಿಕೊಂಡು ಕೂತಿದ್ದಳು. ಅಕ್ಕ ಬಗ್ಗಿ ಒಂದು ಕಟ್ಟು ಎತ್ತಿಕೊಂಡು, "ಅಯ್ಯೋ, ದಂಟಿನ ಸೊಪ್ಪು ಕಣೆ ಇದು! ಇಲ್ನೋಡು, ಗೋಣಿ ಸೊಪ್ಪು" ಎಂದು ಕೂಗಿದಳು. ಮುದುಕಿ ತನ್ನ ಭಾಷೆಯಲ್ಲಿ ಏನೋ ಹೇಳಿದಳು, ಅಕ್ಕ ಹಿನಕಲ್ ಭಾಷೆಯಲ್ಲಿ ಉತ್ತರ ಕೊಟ್ಟಳು. ಬೇಯಿಸುವುದು ಹೇಗೆಂದು ಇಬ್ಬರೂ ಕೈಸನ್ನೆಯಲ್ಲೇ ಹೇಳಿಕೊಂಡರು. ಇಡೀ ಪ್ರವಾಸದಲ್ಲಿ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡದ್ದು ಆಗ ಮಾತ್ರ. ಆದರೆ ಗುಂಪು ಮುಂದೆ ಹೋಗಿತ್ತು. ನಾನು ಅವಳ ಕೈ ಹಿಡಿದು ಎಳೆದುಕೊಂಡು ಹೊರಟೆ.

ಅಂದು ನೋಡಲು ಬಹಳವಿತ್ತು. ಒಂದು ಕಾಲದಲ್ಲಿ ಈ ದ್ವೀಪವನ್ನಾಳಿದ ವೆನಿಸಿನವರು ಯುದ್ಧದ ಹಡಗು ಕಟ್ಟುತ್ತಿದ್ದ ಕಮಾನು ಛಾವಣಿಯ ಭಾರೀ ಕಲ್ಲುಮನೆಗಳು ಸಾಲಾಗಿ ನೀರಿಗೆ ಬಾಯಿ ತೆರೆದುಕೊಂಡು ನಿಂತಿದ್ದವು. ಚಾಕು ಮಾಡುವವರ ಬೀದಿ ಇತ್ತು. ಹಳೆಯ ಚರ್ಚೊಂದಕ್ಕೆ ಒಂದು ಕಡೆ ಗಂಟೆಯ ಗೋಪುರ, ಇನ್ನೊಂದು ಕಡೆ ಮಿನಾರು. ಮೊದಲು ಚರ್ಚಾಗಿ, ಆಮೇಲೆ ಮಸೀದಿಯಾಗಿ, ಮತ್ತೆ ಚರ್ಚಾಗಿದ್ದ ಕಟ್ಟಡ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಮ್ಯಾನೇಜರಿನ ಪಕ್ಕದಲ್ಲೇ ನಡೆಯುತ್ತಿದ್ದೆ. ಹಿಂತಿರುಗಿ ನೋಡಿದಾಗಲೆಲ್ಲ ಅಕ್ಕ ಗುಂಪಿನ ಕೊನೆಯಲ್ಲಿ, ಒಂದೊಂದು ಸಲ ಗುಂಪಿನಿಂದಲೂ ಹಿಂದೆ ಇರುತ್ತಿದ್ದಳು.

"ಬೇಗ ಬಾ ಅಕ್ಕ, ಎಲ್ಲರೂ ಕಾಯ್ತಿದ್ದಾರೆ."

"ಬತ್ತಾ ಇವ್ನಿ, ನೀನು ಓಗು."

ಅವಳು ಪಾದದ ಹೊರಅಂಚನ್ನು ನೆಲಕ್ಕೆ ಸೋಕಿಸದೆ, ಒಳಗಡೆಗೆ ಭಾರ ಹಾಕಿ ಹೆಜ್ಜೆಯಿಡುತ್ತಿದ್ದಳು. ನನಗೆ ಕಂಡಿತು. ದಣಿವು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಸಂಜೆ ಕೋಣೆಗೆ ಬಂದಾಗ ಇನ್ನೂ ಬೆಳಕಿತ್ತು. ಅಕ್ಕ ಮೊದಲು ಬಚ್ಚಲಿಗೆ ಹೋಗಿ ಬಂದಳು. ಆಮೇಲೆ ನಾನು ಕೈ ತೊಳೆಯಲು ಹೋದೆ. ಬೇಸಿನ್‌ನಲ್ಲಿ ಅವಳು ಕಾಲುಚೀಲ ನೆನೆಹಾಕಿದ್ದಳು. ನೀರು ಕೆಂಪಗೆ, ಸ್ವಲ್ಪ ಕಂದಾಗಿ ಇತ್ತು. ಎತ್ತಿ ನೋಡಿದೆ. ಬಲಗಾಲಿನ ಚೀಲದ ಕಿರುಬೆರಳಿನ ಜಾಗದಲ್ಲಿ ರಕ್ತದ ಜೊತೆ ಹಳದಿಯ ಅಂಟು. ಬುಟ್ಟಿಯಲ್ಲಿ ಬ್ಯಾಂಡೇಡಿನ ಕಾಗದಗಳು ಮಡಚಿ ಬಿದ್ದಿದ್ದವು. ಅಂದರೆ ಇದು ಅಂದಿನದಲ್ಲ, ಹಿಂದಿನ ದಿನವೇ ಶುರುವಾದದ್ದು.

ನಾನು ಆ ಚೀಲವನ್ನು ಮತ್ತೆ ನೀರಿಗೆ ಹಾಕಿದೆ. ಅದು ಮುಂಚೆ ಹೇಗಿತ್ತೋ ಹಾಗೆಯೇ ಇರುವಂತೆ ಹಾಕಿದೆ. ಟವೆಲಿನಿಂದ ಕೈ ಒರೆಸಿಕೊಳ್ಳುವಷ್ಟರಲ್ಲಿ ಎಲ್ಲವೂ ನನ್ನ ತಲೆಯಲ್ಲಿ ಓಡಿತು. ಹೇಳಿದರೆ ಮ್ಯಾನೇಜರನ್ನು ಕರೆಯಬೇಕು. ಅವನು ಡಾಕ್ಟರ ಹತ್ತಿರ ಕರೆದೊಯ್ಯುತ್ತಾನೆ. ನಾನೂ ಜೊತೆಗೆ ಹೋಗಬೇಕು. ನಾಳೆಯ ದಿನ ಆಸ್ಪತ್ರೆಯಲ್ಲೋ ಕೋಣೆಯಲ್ಲೋ ಕಳೆಯುತ್ತದೆ, ನಾಡಿದ್ದು ಹೊರಡುವುದು. ಇನ್ನೊಮ್ಮೆ ನಾನು ಇಲ್ಲಿಗೆ ಬರುವವಳಲ್ಲ.

ಹೊರಗೆ ಬಂದೆ. ಅಕ್ಕ ಮಂಚದ ಅಂಚಿನಲ್ಲಿ ಕೂತು ಕಾಲಿನ ಮೇಲೆ ಶಾಲು ಹೊದ್ದುಕೊಂಡಿದ್ದಳು. ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾಳೆ ಅದೆಂಥದೋ ಲೈಟ್‌ಹೌಸು ಅಂತಿದ್ದೆಲ್ಲ, ಎಷ್ಟೊತ್ಗೆ?" ಎಂದಳು.

"ಒಂಬತ್ತಕ್ಕೆ," ಎಂದೆ.

ಭಾನುವಾರ ಬೆಳಿಗ್ಗೆ ಮ್ಯಾನೇಜರ್ ಎಲ್ಲರಿಗೂ ಹೇಳಿದ: ಲೈಟ್‌ಹೌಸಿಗೆ ಬಂದರನ್ನು ಸುತ್ತಿಕೊಂಡು ಕಟ್ಟೆಯ ಮೇಲೆ ನಡೆದೇ ಹೋಗಬೇಕು, ಹೋಗಿ ಬರುವುದು ದೂರ, ಕಲ್ಲು ಏರುತಗ್ಗು, ಮಂಡಿನೋವು ಇರುವವರು ಇಲ್ಲೇ ಕಾಫಿ ಕುಡಿಯುತ್ತಾ ಕೂತಿರಬಹುದು. ಅರ್ಧಕ್ಕಿಂತ ಹೆಚ್ಚು ಜನ ಕೂತರು. ಅಕ್ಕ ಕುರ್ಚಿಗಳ ಕಡೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನೀನು ಓಗ್ತೀಯಾ?"

"ಒಬ್ಬಳೇ ಹೋಗೋಕೆ ಬೇಜಾರು," ಎಂದೆ. ಒಬ್ಬಳೇ ಅಲ್ಲ, ಏಳೆಂಟು ಜನ ಹೊರಟಿದ್ದರು. ಆದರೂ ಆ ಮಾತು ಬಾಯಿಂದ ಬಂತು. ಅವಳ ಕೈಚೀಲದಲ್ಲಿ ಹವಾಯಿ ಚಪ್ಪಲಿ ಇದೆಯೆಂದೂ ನನಗೆ ಗೊತ್ತಿತ್ತು. ಅದನ್ನು ಹಾಕಿಕೋ ಎಂದಾದರೂ ಹೇಳಬಹುದಿತ್ತು.

"ನಡಿ ಮತ್ತೆ," ಎಂದು ಎದ್ದಳು.

ಕಟ್ಟೆಯ ಸಮುದ್ರದ ಕಡೆಗೆ ಎತ್ತರದ ಗೋಡೆ, ಬಂದರಿನ ಕಡೆಗೆ ಏನೂ ಇಲ್ಲ, ನೇರ ನೀರು. ಅಲೆ ಹೊಡೆದಾಗ ಗೋಡೆಯ ಮೇಲಿಂದ ತುಂತುರು ಹಾರಿ ಕಲ್ಲಿನ ಗುಂಡಿಗಳಲ್ಲಿ ನೀರು ನಿಂತಿತ್ತು. ಅಕ್ಕನ ಶೂ ಒದ್ದೆಯಾಯಿತು. ಉಪ್ಪುನೀರು ಗಾಯಕ್ಕೆ ತಾಕಿ ಹೇಗಾಗಿರಬೇಕು ಎಂದು ಈಗ ಯೋಚಿಸುತ್ತೇನೆ. ಆಗ ನಾನು ಕಟ್ಟೆಯ ಕಲ್ಲುಗಳನ್ನು ನೋಡುತ್ತಿದ್ದೆ. ಅರ್ಧ ದಾರಿಯಲ್ಲಿ ಕಾವಲಿನ ಹಳೆಯ ಬುರುಜು ಬಂತು. ಅಕ್ಕ ಅದರ ಮೆಟ್ಟಿಲ ಮೇಲೆ ಕೂತಳು.

"ನಿಮ್ಮ ಭಾವ ಒಂದ್ಸಲ ನನ್ನ ಕನ್ನಂಬಾಡಿಗೆ ಕರ್ಕೊಂಡೋಗಿದ್ರು. ಮದ್ವೆ ಆದ್ ವರ್ಸ. ಕಟ್ಟೆ ಮೇಲೆ ಇಂಗೇ ನಡ್ಕಂಡೋಗಿದ್ವು. ಅವತ್ತೂ ಕಾಲು ನೋಯ್ತಿತ್ತು," ಎಂದು ನಕ್ಕಳು.

"ಈಗಲೂ ನೋಯ್ತಿದೆಯಾ?" ಎಂದು ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ನಾನು ಕೇಳಿದ್ದು, "ಹೊರಡೋಣ್ವಾ? ಅವರೆಲ್ಲ ಆಗಲೇ ತಲುಪಿಬಿಟ್ರು" ಎಂದು.

ಲೈಟ್‌ಹೌಸಿಗೆ ಬೀಗ ಹಾಕಿತ್ತು. ಒಳಗೆ ಯಾರನ್ನೂ ಬಿಡುವುದಿಲ್ಲವಂತೆ. ನಾನು ಸುತ್ತ ಒಂದು ಸಲ ನಡೆದು ಬಂದೆ. ಬುಡ ವೆನಿಸಿನವರು ಕಟ್ಟಿದ್ದು, ಮೇಲಿನದು ಎಷ್ಟೋ ಕಾಲದ ಮೇಲೆ ಈಜಿಪ್ಟಿನವರ ಆಳ್ವಿಕೆಯಲ್ಲಿ ಹೊಸದಾಗಿ ಎತ್ತಿದ್ದು ಎಂದು ಅಕ್ಕನಿಗೆ ಹೇಳಿದೆ. ಅವಳು ತಲೆಯೆತ್ತಿ ನೋಡಿ, "ಚೆಂದಾಗದೆ" ಎಂದಳು. ಯಾರೋ ನಮ್ಮಿಬ್ಬರ ಫೋಟೋ ತೆಗೆದರು. ಆ ಫೋಟೋದಲ್ಲಿ ನಾನು ಬಾಯಿ ತುಂಬ ನಗುತ್ತಿದ್ದೇನೆ. ಅಕ್ಕ ಎಡಗಾಲ ಮೇಲೆ ಪೂರ್ತಿ ಭಾರ ಹಾಕಿ, ಬಲಗೈಯಲ್ಲಿ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದಿದ್ದಾಳೆ.

ವಾಪಸ್ಸು ಬರುವ ದಿನ ಅವಳ ಕಾಲು ಶೂವಿನೊಳಗೆ ಹೋಗಲಿಲ್ಲ. ವಿಮಾನದಲ್ಲಿ ಬಹಳ ಹೊತ್ತು ಕೂತರೆ ಕಾಲು ಊದುತ್ತದೆ ಎಂದು ಗುಂಪಿನವರೊಬ್ಬರು ಹೇಳಿದರು. ವಿಮಾನ ಹತ್ತುವ ಮುಂಚೆಯೇ ಊದಿತ್ತು ಎಂದು ಯಾರೂ ಹೇಳಲಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಕಾರಿನಲ್ಲಿ ಬಂದು, ಅವಳನ್ನು ಹಿನಕಲ್‌ನಲ್ಲಿ ಇಳಿಸಿ, ಡಾಕ್ಟರಿಗೆ ತೋರಿಸು ಎಂದಷ್ಟೇ ಹೇಳಿ ನಾನು ಮನೆಗೆ ಹೋದೆ. ಅವಳು ಮಾರನೆಯ ಬೆಳಿಗ್ಗೆಯೇ ಕೊಟ್ಟಿಗೆಗೆ ಇಳಿದಳು. ಸಗಣಿ, ಗಂಜಲದ ನಡುವೆ ಹವಾಯಿ ಚಪ್ಪಲಿಯಲ್ಲಿ ಓಡಾಡಿದಳು.

ಒಂದು ವಾರದ ಮೇಲೆ ಅವಳ ಮಗಳು ಫೋನ್ ಮಾಡಿದಳು. "ಚಿಕ್ಕಮ್ಮ, ಅಮ್ಮನಿಗೆ ಚಳಿಜ್ವರ. ಕಾಲು ವಾಸನೆ ಬರ್ತಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ, ಬನ್ನಿ."

ನಾನು ಹೋಗುವಷ್ಟರಲ್ಲಿ ಡಾಕ್ಟರು ಕಟ್ಟು ಬಿಚ್ಚಿದ್ದರು. ಎರಡು ಬೆರಳು ಕಪ್ಪಾಗಿದ್ದವು. ಶುಗರ್ ಇರುವವರಿಗೆ ಪಾದದ ನರಗಳು ಮಂಕಾಗಿರುತ್ತವೆ, ಒಳಗೆ ಕೊಳೆಯುತ್ತಿದ್ದರೂ ಆಗಬೇಕಾದಷ್ಟು ನೋವು ಆಗುವುದಿಲ್ಲ, ಸಣ್ಣ ಬೊಬ್ಬೆ ಬಂದಾಗಲೇ ನಡೆಯುವುದನ್ನು ನಿಲ್ಲಿಸಿ ತೋರಿಸಿದ್ದರೆ ಔಷಧಿಯಲ್ಲೇ ಹೋಗುತ್ತಿತ್ತು ಎಂದು ಅವರು ವಿವರಿಸಿದರು. "ಯಾವಾಗ ಶುರುವಾದದ್ದಮ್ಮ?" ಎಂದು ಕೇಳಿದರು.

"ಊರಿಗೆ ಬಂದ್ಮೇಲೆ ಸಾರ್," ಎಂದಳು ಅಕ್ಕ. ನನ್ನ ಕಡೆ ನೋಡಲಿಲ್ಲ.

ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದ ಮೇಲೆ ಮಗಳು ಬೆಂಚಿನಲ್ಲಿ ನನ್ನ ಪಕ್ಕ ಕೂತಳು. ಅತ್ತು ಅವಳ ಕಣ್ಣು ಊದಿತ್ತು. "ಒಂದೇ ರೂಮಲ್ಲಿ ಇದ್ರಲ್ಲ ಚಿಕ್ಕಮ್ಮ. ಅಲ್ಲಿ ನಿಮಗೇನೂ ಗೊತ್ತಾಗ್ಲಿಲ್ವಾ?"

"ಇಲ್ಲ ಕಣಮ್ಮ," ಎಂದೆ.

ಅಕ್ಕ ಹದಿನೈದು ದಿನ ವಾರ್ಡಿನಲ್ಲಿದ್ದಳು. ನೋಡಲು ಬಂದವರಿಗೆಲ್ಲ ಕಾಲಿನ ವಿಷಯ ಎರಡು ಮಾತಿನಲ್ಲಿ ಮುಗಿಸಿ ಹಾನ್ಯಾದ ಕತೆ ಹೇಳುತ್ತಿದ್ದಳು. "ಅಲ್ಲೊಂದು ಗುಡಿ ಅದೆ, ಒಂದ್ ಕಡೆ ಗಂಟೆ, ಒಂದ್ ಕಡೆ ಮಸೀದಿ ಕಂಬ. ನನ್ ತಂಗಿಗೆ ಅದೆಲ್ಲಾ ಬಾಯಲ್ಲೇ ಅದೆ, ಕೇಳಿ ಬೇಕಾದ್ರೆ" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದಳು. ಬಂದವರು ನನ್ನ ಮುಖ ನೋಡುತ್ತಿದ್ದರು. ನಾನು ಫ್ಲಾಸ್ಕ್ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಹತ್ತು ದಿನ ಹೀಗೇ ನಡೆಯಿತು. ಊಟ ಸೇರುತ್ತಿರಲಿಲ್ಲ. ಮನೆಯವರು, "ನಿನಗೇ ಹುಷಾರಿಲ್ಲದ ಹಾಗೆ ಕಾಣ್ತೀಯ" ಎಂದರು. ಅವರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಮಗಳು ಆಫೀಸಿಗೆ ಹೋಗಿದ್ದಳು. ಪಕ್ಕದ ಮಂಚ ಖಾಲಿಯಿತ್ತು. ಅಕ್ಕ ಹಾಸಿಗೆಯಲ್ಲಿ ಎದ್ದು ಕೂತು ಬಟಾಣಿ ಬಿಡಿಸುತ್ತಿದ್ದಳು. ಸುಮ್ಮನೆ ಕೂರಲು ಆಗುವುದಿಲ್ಲವೆಂದು ಮಗಳ ಕೈಲಿ ತರಿಸಿಕೊಂಡಿದ್ದಳು.

"ಅಕ್ಕ," ಎಂದೆ, "ಲೈಟ್‌ಹೌಸಿಗೆ ಹೋಗೋ ಹಿಂದಿನ ದಿನ ಬೇಸಿನ್‌ನಲ್ಲಿ ನಿನ್ನ ಸಾಕ್ಸ್ ನೋಡಿದ್ದೆ."

ಅವಳ ಕೈ ನಿಂತಿತು. "ಏನ್ ನೋಡ್ದೆ?"

"ರಕ್ತ ಇತ್ತು. ಕೀವೂ ಇತ್ತು."

"ನೋಡ್ಬುಟ್ಟು ಸುಮ್ಕಾದ್ಯಾ?"

"ಹೂಂ," ಎಂದೆ.

"ನೀನು ನೋಡ್ಲಿಲ್ಲ ಅಂತ ತಿಳ್ಕಂಡಿದ್ದೆ ಕಣೆ ನಾನು," ಎಂದಳು. ದನಿ ಏರಿಸಲಿಲ್ಲ. ಬೀದಿಗೆಲ್ಲ ಕೇಳುವಂತೆ ಬೈಯುವವಳು ಅಂದು ಪಿಸುಮಾತಿನಲ್ಲಿ ಆಡಿದಳು. "ನಿನ್ನ ಆಸೆ ಹಾಳಾಗ್ಬಾರ್ದು ಅಂತ ಮುಚ್ಚಿಟ್ಟಿದ್ದೆ, ಅದು ನನ್ ತಪ್ಪು. ಆದ್ರೆ ಕಾಲು ಕೀವು ಕಟ್ಟಿರೋದು ನೋಡಿ ನಂಗೂ ಎದ್ರಿಕೆ ಆಗಿತ್ತು. ನೀನು ಬಚ್ಲಿಂದ ಈಚೆಗೆ ಬಂದಾಗ ನಿನ್ ಮುಖ ನೋಡ್ತಾ ಕುಂತಿದ್ದೆ. ಏನಕ್ಕ ಅಂತ ಒಂದ್ ಮಾತು ಕೇಳಿದ್ರೆ ಎಲ್ಲಾ ಯೋಳ್ಬುಡ್ತಿದ್ದೆ."

"ತಪ್ಪಾಯ್ತು ಅಕ್ಕ."

"ಕುಂತ್ಕತೀನಿ ಇಲ್ಲೇ ಅನ್ನಾಕೆ ಬಾಯಿ ತೆಗ್ದಿದ್ದೆ. ನೀನು ಒಬ್ಳೇ ಓಗಾಕೆ ಬೇಜಾರು ಅಂದೆ."

ಅವಳು ಬಟಾಣಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಗೋಡೆಯ ಕಡೆ ತಿರುಗಿ ಮಲಗಿದಳು. "ಓಗು," ಎಂದಳು, "ಸಂಜೆಗೆ ಮಗಳು ಬತ್ತಾಳೆ."

ಆಮೇಲೆ ಎರಡು ತಿಂಗಳು ಅವಳು ನನ್ನ ಫೋನ್ ಎತ್ತಲಿಲ್ಲ. ಮನೆಗೆ ಹೋದರೆ ಮಗಳು ಬಾಗಿಲಲ್ಲಿ ನಿಂತು, "ಮಲಗಿದ್ದಾರೆ ಚಿಕ್ಕಮ್ಮ" ಎನ್ನುತ್ತಿದ್ದಳು. ಒಳಗಿನಿಂದ ಟೀವಿಯ ಸದ್ದು ಕೇಳುತ್ತಿತ್ತು. ಒಂದು ಸಲ ಹಿತ್ತಲ ಕಡೆಯಿಂದ ಹೋಗಿ ನೋಡಿದೆ. ಕೊಟ್ಟಿಗೆ ಗುಡಿಸಿ ತೊಳೆದಿತ್ತು. ಹಸುಗಳನ್ನು ಕೆಸರೆಯ ಕಡೆಯವರಿಗೆ ಮಾರಿಬಿಟ್ಟರು ಎಂದು ಹಿಂದಿನ ಮನೆಯವಳು ಹೇಳಿದಳು. ಗೂಟ ಮಾತ್ರ ಹಾಗೇ ಇತ್ತು. ನಲವತ್ತು ವರ್ಷ ಬೆಳಗಿನ ಜಾವ ಎದ್ದು ಹಾಲು ಕರೆದವಳು ಈಗ ಬೆಳಿಗ್ಗೆ ಎದ್ದು ಏನು ಮಾಡುತ್ತಾಳೆ ಎಂಬ ಯೋಚನೆ ನನ್ನನ್ನು ಬಸ್ಸಿನಲ್ಲಿ ಮನೆಯವರೆಗೂ ಹಿಂಬಾಲಿಸಿತು.

ಮಗಳಿಗೆ ನಾನೇ ಹೇಳಿದೆ. ಅವಳ ಆಫೀಸಿನ ಹತ್ತಿರ ಹೋಗಿ, ಹೊರಗಿನ ಮರದ ಕೆಳಗೆ ನಿಂತು, ಒಂದೂ ಬಿಡದೆ ಹೇಳಿದೆ. ಜೆಂಟ್ಸ್ ಶೂ ಬೇಡ ಎಂದದ್ದನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳು. "ಅವತ್ತು ಬೆಂಚಲ್ಲಿ ಕೇಳ್ದಾಗ ಇಲ್ಲ ಅಂದ್ರಲ್ಲ ಚಿಕ್ಕಮ್ಮ," ಎಂದಷ್ಟೇ ಹೇಳಿ ಒಳಗೆ ಹೋದಳು. ಅದಾದ ಮೇಲೆ ಅವಳು ನನ್ನ ಜೊತೆ ಮಾತಾಡುವುದು ಎಷ್ಟು ಬೇಕೋ ಅಷ್ಟೇ.

ಚಳಿಗಾಲ ಮುಗಿಯುವ ಹೊತ್ತಿಗೆ ಮಗಳಿಗೆ ಒಂದು ವಾರದ ಟ್ರೈನಿಂಗ್ ಬಂತು, ಬೇರೆ ಊರಿನಲ್ಲಿ. ಕಾಲಿಗೆ ದಿನಾ ಡ್ರೆಸ್ಸಿಂಗ್ ಮಾಡಬೇಕಿತ್ತು. ಬರುತ್ತಿದ್ದ ನರ್ಸಮ್ಮ ತನ್ನ ಮಗಳ ಹೆರಿಗೆಗೆಂದು ರಜೆ ಹಾಕಿದ್ದಳು. ಬೇರೆ ದಾರಿ ಇಲ್ಲದೆ ಅಕ್ಕನ ಮಗಳು ನನಗೆ ಫೋನ್ ಮಾಡಿದಳು.

ಮೊದಲ ದಿನ ಅಕ್ಕ ಕಾಲು ಚಾಚಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಳು. ನಾನು ನೆಲದಲ್ಲಿ ಕೂತು ಕಟ್ಟು ಬಿಚ್ಚಿದೆ. ಎರಡು ಬೆರಳು ಇದ್ದ ಜಾಗ ನುಣುಪಾಗಿ ಕೆಂಪಗಿತ್ತು. ಹೊಲಿಗೆಯ ಗುರುತು ಪಾದದ ಪಕ್ಕದವರೆಗೂ ಹೋಗಿತ್ತು. ಔಷಧಿ ನೀರಿನಲ್ಲಿ ತೊಳೆದು, ಒತ್ತದೆ ಒರೆಸಿ, ಹೊಸ ಬಟ್ಟೆ ಸುತ್ತಿದೆ. ಅಷ್ಟು ವರ್ಷ ಜೊತೆಗಿದ್ದೂ ನಾನು ಅಕ್ಕನ ಪಾದವನ್ನು ಮುಟ್ಟಿದ್ದು ಹಬ್ಬಗಳಲ್ಲಿ ನಮಸ್ಕಾರ ಮಾಡುವಾಗ ಮಾತ್ರ. ಅವಳು ಮಾತಾಡಲಿಲ್ಲ. ಎರಡನೆಯ ದಿನವೂ ಇಲ್ಲ, ಮೂರನೆಯ ದಿನವೂ ಇಲ್ಲ. ನಾಲ್ಕನೆಯ ದಿನ, "ಬಟ್ಟೆ ಬಿಗಿ ಆಯ್ತು, ವಸಿ ಸಡ್ಲ ಮಾಡು" ಎಂದಳು. ಬಿಚ್ಚಿ ಮತ್ತೆ ಕಟ್ಟಿದೆ.

ವಾರ ಮುಗಿದ ಮೇಲೂ ನಾನು ಹೋಗುವುದು ನಿಲ್ಲಿಸಲಿಲ್ಲ. ಅವಳೂ ಬೇಡ ಎನ್ನಲಿಲ್ಲ. ಈಗ ಗಾಯ ಮಾಗಿದೆ. ಡಾಕ್ಟರು ಬರೆದುಕೊಟ್ಟ ಮೆತ್ತನೆಯ ಚಪ್ಪಲಿಯಲ್ಲಿ ಅವಳು ಮನೆಯೊಳಗೆ, ಬೀದಿಯ ಅಂಗಡಿಯವರೆಗೆ ಓಡಾಡುತ್ತಾಳೆ. ಹೆಜ್ಜೆ ಒಂದು ಕಡೆಗೆ ವಾಲುತ್ತದೆ. ಹಾನ್ಯಾದ ಮಾತನ್ನು ಮಾತ್ರ ಅವಳು ಬಿಟ್ಟುಬಿಟ್ಟಿದ್ದಾಳೆ. ಯಾರಾದರೂ ಕೇಳಿದರೆ, "ಓಗಿದ್ವು, ಬಂದ್ವು" ಎನ್ನುತ್ತಾಳೆ. ನನ್ನನ್ನು ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯದು. ಕೇಳುವ ಧೈರ್ಯ ಬಂದಿಲ್ಲ.

ಹೋದ ವಾರ ಹೊರಡಲು ಎದ್ದಾಗ ಅವಳು, "ಬುಧವಾರ ಆಸ್ಪತ್ರೆಗೆ ಓಗ್ಬೇಕು. ಎಡಗಾಲಲ್ಲೂ ಒಂದು ಕಡೆ ಕೆಂಪಾಗದೆ" ಎಂದಳು. ಅಲ್ಲೇ ಕೂತು ನೋಡಿದೆ. ಹಿಮ್ಮಡಿಯ ಪಕ್ಕದಲ್ಲಿ ಕಾಳಿನಷ್ಟು ಕೆಂಪು, ಇನ್ನೂ ಒಡೆದಿರಲಿಲ್ಲ.

"ಬುಧವಾರದ ತನಕ ಬೇಡ ಅಕ್ಕ, ಈಗಲೇ ಹೋಗೋಣ."

"ಈಗ್ಲಾ? ಮಗಳು ಆಫೀಸಲ್ಲವ್ಳೆ."

"ನಾನಿದೀನಲ್ಲ."

ಅವಳು ಬಾಗಿಲ ಹಿಂದೆ ನೇತುಹಾಕಿದ್ದ ಬ್ಯಾಗು ತೆಗೆದುಕೊಂಡು, ಒಲೆ ಆರಿದೆಯಾ ನೋಡು ಎಂದು ನನ್ನನ್ನು ಅಡುಗೆಮನೆಗೆ ಕಳಿಸಿದಳು. ನಾನು ಬರುವಷ್ಟರಲ್ಲಿ ಬೀದಿಗೆ ಇಳಿದು ಆಟೋ ನಿಲ್ಲಿಸಿ, ಗಾಡಿಯವನಿಗೆ ನಿಧಾನ ಓಡಿಸಬೇಕೆಂದು ಜೋರು ಮಾಡುತ್ತಿದ್ದಳು.